ಕತ್ತು ನೋವು ಎಂದ ಹುಡುಗರನ್ನು ಬೈಯಬೇಡಿ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಯುವ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ದನ ಕಟ್ಟಿಕೊಂಡು ಬದುಕಿದ ರೈತರು. ಆದರೂ ಕತ್ತು, ಭುಜದ ನೋವಿನ ಬಗ್ಗೆ ಎರಡು ಮಾತು ಹೇಳಬೇಕಾಗಿದೆ. ಯಾಕೆಂದರೆ ತಪ್ಪು ನಮ್ಮ ಮನೆಯಲ್ಲೇ ನಡೆಯಿತು.

ನಮ್ಮ ಮಗನಿಗೆ ಆಗ 21 ವರ್ಷ. ಬೆಳಿಗ್ಗೆ ತಲೆ ಮೇಲೆ ಹುಲ್ಲಿನ ಹೊರೆ, ಹಗಲು ಬೆನ್ನ ಮೇಲೆ 16 ಲೀಟರಿನ ಸ್ಪ್ರೇಯರು, ರಾತ್ರಿ ಬಗ್ಗಿಕೊಂಡು ಮೊಬೈಲು. ಕತ್ತು ನೋವು ಅಂದ. ‘ಈ ವಯಸ್ಸಿಗೆ ಎಂಥ ನೋವೋ, ಮೈಗಳ್ಳ’ ಎಂದು ಬೈದೆವು. ಅವನು ಮತ್ತೆ ಬಾಯಿ ಬಿಡಲಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದು ಮೂರು ತಿಂಗಳು ನುಂಗಿದ. ಒಂದು ದಿನ ಮಲ ಡಾಂಬರಿನಂತೆ ಕಪ್ಪಾಗಿ, ತಲೆ ತಿರುಗಿ ಕೊಟ್ಟಿಗೆಯಲ್ಲಿ ಬಿದ್ದ. ಮಾತ್ರೆಯಿಂದ ಹೊಟ್ಟೆ ಹುಣ್ಣಾಗಿ ರಕ್ತ ಹೋಗಿದೆ ಎಂದರು ಆಸ್ಪತ್ರೆಯಲ್ಲಿ. ದೇವರ ದಯೆ, ಉಳಿದ.

ಅಲ್ಲಿ ತಿಳಿದುಕೊಂಡದ್ದನ್ನು ಹೇಳುತ್ತೇವೆ. ನಮ್ಮ ತಲೆಯೇ ಸುಮಾರು 5 ಕೆ.ಜಿ. ತೂಗುತ್ತದೆ. ಕತ್ತು ಮುಂದಕ್ಕೆ ಬಗ್ಗಿದಷ್ಟೂ ಹಿಂಬದಿ ಸ್ನಾಯುಗಳಿಗೆ ಭಾರ ಹೆಚ್ಚು. ಹರೆಯದವರಲ್ಲಿ ಬಹುಪಾಲು ನೋವು ಸ್ನಾಯುಗಳದ್ದೇ. ಎಲ್ಲರಿಗೂ ಎಕ್ಸ್‌ರೇ ಬೇಕಿಲ್ಲ. ಹೊಸ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮೂರು ತಿಂಗಳು ದಾಟಿದರೆ ಹಳೇ ನೋವು. ಅದಕ್ಕೆ ಮುಖ್ಯ ಮದ್ದು ಮಾತ್ರೆಯಲ್ಲ, ವ್ಯಾಯಾಮ.

ನೆಟ್ಟಗೆ ಕೂತು ಗದ್ದವನ್ನು ಹಿಂದಕ್ಕೆ ಎಳೆದು ಐದು ಎಣಿಸಿ ಬಿಡಿ, ಹತ್ತು ಸಲ. ಹೆಗಲ ಮೂಳೆ ಎರಡನ್ನೂ ಹಿಂದೆ ಕೂಡಿಸಿ ಬಿಡಿ, ಹತ್ತು ಸಲ. ಹಣೆಗೆ ಅಂಗೈ ಕೊಟ್ಟು, ತಲೆ ಅಲುಗದಂತೆ ಮೆಲ್ಲಗೆ ಒತ್ತಿ. ದಿನಕ್ಕೆರಡು ಹೊತ್ತು ಮಾಡಬೇಕು. ಗುಣ ಕಾಣಲು ಆರೆಂಟು ವಾರ ಹಿಡಿಯುತ್ತೆ, ನಡುವೆ ಬಿಡಬೇಡಿ. ಬಿಸಿ ಶಾಖ ಒಳ್ಳೆಯದು. ಆದರೆ ತಿಂಗಳುಗಟ್ಟಲೆ ಮಲಗುವುದು, ಪಟ್ಟಿ ಕಟ್ಟಿಕೊಳ್ಳುವುದು ಬೇಡ. ಸ್ನಾಯು ಇನ್ನೂ ಸೋಲುತ್ತದೆ. ಕ್ಷೌರದಂಗಡಿಯಲ್ಲಿ ಕತ್ತು ಲಟಕ್ಕನೆ ತಿರುಗಿಸಿಕೊಳ್ಳಲೇಬೇಡಿ. ರಕ್ತನಾಳ ಹರಿದು ಪಾರ್ಶ್ವವಾಯು ಬಡಿದವರುಂಟು.

ಕೈ ಜೋಮು ಹಿಡಿದು ಶಕ್ತಿ ಕುಂದಿದರೆ, ನಡಿಗೆ ತಪ್ಪಿದರೆ, ಮಲಮೂತ್ರದ ಹಿಡಿತ ಹೋದರೆ, ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಎದೆ ನೋವೂ ಸೇರಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಮಗ ಈಗ ಹೊರೆಯನ್ನು ತಲೆ ಮೇಲೆ ಹೊರದೆ ಕೈಗಾಡಿಯಲ್ಲಿ ತರುತ್ತಾನೆ, ವ್ಯಾಯಾಮ ಬಿಟ್ಟಿಲ್ಲ. ನೋವು ಪೂರಾ ಹೋಗಿಲ್ಲ, ಆದರೆ ಕೆಲಸಕ್ಕೆ ತೊಂದರೆ ಇಲ್ಲ. ಸದಸ್ಯರ ಉಪಯೋಗಕ್ಕೆ ಸಂಘದಿಂದ ಎರಡು ಕೈಗಾಡಿ ಕೊಳ್ಳೋಣವೆಂದು ಮಹಾಸಭೆಯಲ್ಲಿ ಕೇಳಿಕೊಳ್ಳುತ್ತೇವೆ. ಹಸು ಕುಂಟಿದರೆ ಅದೇ ದಿನ ಪಶುವೈದ್ಯರನ್ನು ಕರೆಸುವ ನಾವು, ಮಕ್ಕಳು ನೋವೆಂದಾಗಲೂ ಕಿವಿಗೊಡೋಣ.