ಕತ್ತಲ ಕಥೆ ಮುಗಿದ ಮೇಲೆ

ಜಪಾನಿನಲ್ಲಿ ತಯಾರಾಗುವ ‘ಆನಿಮೆ’ ಎಂಬ ಚಿತ್ರಮಾಲಿಕೆಗಳು ಈಗ ನಮ್ಮ ಮನೆಗಳ ಒಳಕೋಣೆಗೂ ಬಂದು ಕುಳಿತಿವೆ. ಗೊಂಬೆಯಾಟದಂಥ ಚಿತ್ರಗಳೆಂದು ಹಿರಿಯರು ಸುಮ್ಮನಿರುತ್ತಾರೆ. ಒಮ್ಮೆ ಹುಡುಗರ ಬೆನ್ನ ಹಿಂದೆ ನಿಂತು ಇಣಿಕಿ ನೋಡಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ಎಷ್ಟೋ ಮಾಲಿಕೆಗಳಲ್ಲಿ ಕೊಲೆ, ಮೋಸ, ಸಾವಿನ ನೆರಳು ತುಂಬಿರುತ್ತವೆ. ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ದಿನವೂ ಓಡಾಡುವ ಪರಿಚಯದ ಹುಡುಗನೊಬ್ಬ ಈಚೆಗೆ ನನ್ನನ್ನು ಕೇಳಿದ: “ಕಾಕಾ, ‘ಡೆತ್ ನೋಟ್’ ಮುಗೀತು. ಇನ್ನ ಅಂಥಾದ್ದು ಏನರ ಐತೇನ್ರಿ?” ಅವನ ತಾಯಿಯವರ ಬೇಡಿಕೆ ಬೇರೆ. “ಮುಗೀತಲ್ಲ, ಅಷ್ಟಕ್ಕ ಬಿಡಸ್ರಿ” ಎಂದರು ಅವರು. ಇಬ್ಬರಿಗೂ ಉತ್ತರ ಹೇಳಬೇಕಾದುದರಿಂದ ಈ ವಿಷಯ ನನ್ನ ತಲೆಯನ್ನು ಹೊಕ್ಕಿತು.

‘ಡೆತ್ ನೋಟ್’ ಮೊದಲು ಚಿತ್ರಕಥೆಯಾಗಿ 2003ರಿಂದ 2006ರ ವರೆಗೆ ಪ್ರಕಟವಾಯಿತು; ಬಳಿಕ 37 ಕಂತುಗಳ ಮಾಲಿಕೆಯಾಗಿ 2006-07ರಲ್ಲಿ ತೆರೆಯ ಮೇಲೆ ಬಂತು. ಬುದ್ಧಿವಂತ ವಿದ್ಯಾರ್ಥಿಯೊಬ್ಬನಿಗೆ ಸಾವಿನ ದೇವತೆ ಬೀಳಿಸಿದ ಒಂದು ವಹಿ ಸಿಕ್ಕುತ್ತದೆ. ಮುಖವನ್ನು ನೆನೆದು ಅದರಲ್ಲಿ ಯಾರ ಹೆಸರನ್ನು ಬರೆದರೂ ಅವರು ಸಾಯುತ್ತಾರೆ. ನಮ್ಮವರು ಕಂಡಂತೆ ಹೇಳುವುದಾದರೆ, ಚಿತ್ರಗುಪ್ತನ ಲೆಕ್ಕದ ಪುಸ್ತಕ ಕಾಲೇಜು ಹುಡುಗನ ಕೈಗೆ ಬಿದ್ದಂತಾಯಿತು! ಅವನು ಮೊದಮೊದಲು ದುಷ್ಟರ ಹೆಸರನ್ನೇ ಬರೆಯುತ್ತಾನೆ. ಮುಂದೆ ತನ್ನನ್ನು ಹುಡುಕಿ ಬಂದವರ ಹೆಸರನ್ನೂ ಬರೆಯುತ್ತಾನೆ.

ಇಂಥ ಕಥೆಗೆ ಜೊತೆಯಾಗುವುದನ್ನು ಹುಡುಕುವಾಗ ಹೊರಗಿನ ಬಣ್ಣವನ್ನು ನೋಡಿ ಹೊರಟರೆ ಆಯಾಸವೇ ಫಲ. ದೆವ್ವವಿದೆ, ರಕ್ತವಿದೆ ಎಂದ ಮಾತ್ರಕ್ಕೆ ಅದು ‘ಅಂಥಾದ್ದು’ ಆಗುವುದಿಲ್ಲ. ಯಾವ ಪ್ರಶ್ನೆ ತನ್ನನ್ನು ರಾತ್ರಿಯೆಲ್ಲ ಎಚ್ಚರವಾಗಿಟ್ಟಿತೆಂಬುದನ್ನು ಹುಡುಗ ಮೊದಲು ತನ್ನನ್ನೇ ಕೇಳಿಕೊಳ್ಳಬೇಕು. ಲೋಕಕ್ಕೆ ಒಳಿತು ಮಾಡುವೆನೆಂದು ಹೊರಟವನು ಕೊಲೆಗಾರನಾಗುವುದು ಹೇಗೆ ಎಂಬುದೇ ಆ ಪ್ರಶ್ನೆಯಾದರೆ, ಅವನು ಟೋಕಿಯೋವರೆಗೆ ಹೋಗುವುದೇ ಬೇಡ. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ನಾಟಕವನ್ನು ಕೈಗೆತ್ತಿಕೊಳ್ಳಲಿ. ಅಲ್ಲಿಯ ಸುಲ್ತಾನನಿಗೆ ಚದುರಂಗದ ಹುಚ್ಚು. ಎದುರಾಳಿಯ ನಡೆಯನ್ನು ಮೊದಲೇ ಕಾಣುವ ಬುದ್ಧಿ. ತನ್ನ ವಿರುದ್ಧವೇ ಪ್ರಜೆ ದಾವೆ ಹೂಡಿ ಗೆಲ್ಲಬಹುದೆಂಬ ನ್ಯಾಯದಿಂದ ಆಟ ಆರಂಭವಾಗುತ್ತದೆ. ಕೊನೆಕೊನೆಗೆ ಮಲತಾಯಿಗೇ ಕಲ್ಲೆಸೆದು ಕೊಲ್ಲುವ ಶಿಕ್ಷೆ ವಿಧಿಸುವ ತನಕ ಅವನು ನಡೆಯುತ್ತಾನೆ. ಅಗಸ ಅಜೀಜನೊಬ್ಬನನ್ನು ಮರೆಯಬಾರದು: ಸುಲ್ತಾನನ ಪ್ರತಿಯೊಂದು ಒಳ್ಳೆಯ ಕಾನೂನಿನಲ್ಲಿಯೂ ಕಳ್ಳದಾರಿಯನ್ನು ಕಾಣುವ ಈ ಆಸಾಮಿಯನ್ನು ಓದುವಾಗ ಆನಿಮೆಯ ರಸಿಕನಿಗೆ ಕುಳಿತಲ್ಲಿ ಕುಳಿತಿರಲಾಗದು. ನನಗೆ ಕೇಳಿದರೆ, ಆ ಜಪಾನೀ ಹುಡುಗನಿಗಿಂತ ತುಘಲಕನೇ ಹೆಚ್ಚು ಭಯಂಕರ. ಅವನ ಕೈಯಲ್ಲಿ ಮಾಯದ ಪುಸ್ತಕವೇನೂ ಇಲ್ಲ.

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡುವವರಿಗೆ ‘ಮ್ಯಾಕ್‌ಬೆತ್’ ಇದೆ. ಡಿ.ವಿ.ಜಿ.ಯವರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಕುರೊಸಾವಾ ಅದನ್ನೇ ಜಪಾನಿನ ಮಂಜು ಮುಸುಕಿದ ಕೋಟೆಯೊಳಗೆ ನಿಲ್ಲಿಸಿ 1957ರಲ್ಲಿ ಚಿತ್ರ ಮಾಡಿದ. ಆ ಕುರೊಸಾವಾನ ಪ್ರೇರಣೆಯಿಂದಲೇ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರ 1978ರಲ್ಲಿ ಬಂತು. ಎದುರು ಬಣಗಳಲ್ಲಿ ನಿಂತ ಇಬ್ಬರು ವೀರರ ಪಟ್ಟು-ಪ್ರತಿಪಟ್ಟು ಬೇಕಾದವರು ಅದನ್ನು ನೋಡಬೇಕು.

ಪತ್ತೇದಾರಿಕೆಯೇ ಇಷ್ಟವಾದವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿದ್ದಾನೆ. ಅಜ್ಜಂದಿರ ಕಾಲದ ರುಚಿ, ಇಂದಿನ ಹುಡುಗರಿಗೆ ತುಸು ಸಪ್ಪೆಯೆನಿಸೀತು. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಹಾಗಲ್ಲ. ಏಲಕ್ಕಿ ಮಾರಲು ಹೊರಟ ಎಳೆಯ ದಂಪತಿಗಳು ಕಾಡುಗಳ್ಳರ ಜಾಲಕ್ಕೆ ಸಿಕ್ಕುವ ಆ ಕಾದಂಬರಿಯನ್ನು ಜಾಂಬೋಟಿ, ಕಣಕುಂಬಿಯ ಕಡೆಯ ಘಟ್ಟದ ದಾರಿಯಲ್ಲಿ ರಾತ್ರಿ ಬಸ್ಸು ಹತ್ತಿದವರು ಓದಿದರೆ ಅದರ ಕತ್ತಲು ಬೇಗ ಅರ್ಥವಾಗುತ್ತದೆ.

ನಮ್ಮ ಭಾಗದವರಿಗೆ ಮತ್ತೊಂದು ಭಾಗ್ಯವುಂಟು. ಬೆಳಗಾವಿ, ಖಾನಾಪುರಗಳ ಎಷ್ಟೋ ಮನೆಗಳಲ್ಲಿ ಕನ್ನಡದಷ್ಟೇ ಸಲೀಸಾಗಿ ಮರಾಠಿಯನ್ನು ಓದುತ್ತಾರೆ. ಭಯದ ಕಥೆಗೆ ಮರಾಠಿಯಲ್ಲಿ ನಾರಾಯಣ ಧಾರಪರದು ದೊಡ್ಡ ಹೆಸರು. 2018ರ ‘ತುಂಬಾಡ್’ ಎಂಬ ಹಿಂದೀ ಚಿತ್ರಕ್ಕೆ ಸ್ಫೂರ್ತಿ ಅವರ ಕಥೆಯೇ. ಎಡೆಬಿಡದ ಮಳೆ, ಪಾಳುಬಿದ್ದ ವಾಡೆ, ಬಂಗಾರದ ಆಸೆ! ಭೀಮಗಡದ ಮಗ್ಗುಲಿನ ಹಳ್ಳಿಗಳಲ್ಲಿ ಮಳೆಗಾಲ ಕಳೆದವರಿಗೆ ಅದರ ಹಸಿವಾಸನೆ ಹೊಸದಲ್ಲ. ಆದರೆ ಅದು ಚಿಕ್ಕ ಮಕ್ಕಳು ನೋಡುವ ಚಿತ್ರವಲ್ಲ. ತಾಯಂದಿರ ಆತಂಕಕ್ಕೆ ಇಲ್ಲಿ ನನ್ನ ಪೂರ್ಣ ಸಮ್ಮತಿಯಿದೆ. ಹತ್ತು ವರ್ಷದವನಿಗೂ ಹದಿನೆಂಟರವನಿಗೂ ಒಂದೇ ಕತ್ತಲನ್ನು ಬಡಿಸಲಾಗದು. ಹದಿನೆಂಟರವನ ಕೈಯಿಂದ ಕಸಿದುಕೊಳ್ಳುವುದಕ್ಕಿಂತ, ಅವನ ಪಕ್ಕದಲ್ಲಿ ಕುಳಿತು ಒಂದು ಕಂತನ್ನು ನೋಡಿ, “ಆ ಹುಡುಗ ಮಾಡಿದ್ದು ಸರಿಯೇನಪಾ?” ಎಂದು ಕೇಳುವುದು ಮೇಲು. ಅವನು ವಾದಕ್ಕೆ ಇಳಿದರೆ ಸಂತೋಷಪಡಿರಿ.

ಇನ್ನು ಕೇಳುವ ಸಾಹಿತ್ಯ. ಹುಡುಗರು ‘ಪಾಡ್‌ಕಾಸ್ಟ್’ ಎನ್ನುವುದು ನಮ್ಮ ಬಾನುಲಿ ನಾಟಕ, ರೂಪಕಗಳ ಮೊಮ್ಮಗನೇ ಸರಿ. 1999ರ ಒಂದು ಕೊಲೆಯ ಮೊಕದ್ದಮೆಯನ್ನು ಕೆದಕಿ ನೋಡಿದ ಅಮೆರಿಕದ ‘ಸೀರಿಯಲ್’ ಎಂಬ ಮಾಲಿಕೆ 2014ರಲ್ಲಿ ಜಗತ್ತಿನ ಕಿವಿಯನ್ನು ಹಿಡಿದು ನಿಲ್ಲಿಸಿತು. ಇಂಗ್ಲಿಷ್ ಬಲ್ಲವರು ಕೇಳಬಹುದು. ಕಣ್ಣಿಗೆ ಏನೂ ಕಾಣದಾಗ ಮನಸ್ಸು ತಾನೇ ಚಿತ್ರ ಬರೆಯುತ್ತದೆಯಾದ್ದರಿಂದ ಭಯಕ್ಕೆ ಕಿವಿಯೇ ಹತ್ತಿರದ ದಾರಿ. ಕಾರ್ನಾಡರು ಬಿ.ಬಿ.ಸಿ. ಬಾನುಲಿಗಾಗಿ ಬರೆದ ನಾಟಕವೊಂದು ಕನ್ನಡದಲ್ಲಿ ‘ಟೀಪು ಸುಲ್ತಾನ ಕಂಡ ಕನಸು’ ಎಂದು ಬಂದಿದೆ. ಮನೆಮಂದಿ ಪಾತ್ರ ಹಂಚಿಕೊಂಡು, ದೀಪ ಸಣ್ಣದು ಮಾಡಿ, ಗಟ್ಟಿಯಾಗಿ ಓದಲು ತಕ್ಕುದಾದ ಕೃತಿಯದು. ಅಲ್ಲಿಯೂ ಒಂದು ವಹಿಯಿದೆ. ಟೀಪು ತನ್ನ ಕನಸುಗಳನ್ನು ಯಾರಿಗೂ ತೋರದೆ ತನ್ನ ಕೈಯಿಂದಲೇ ಬರೆದಿಟ್ಟಿದ್ದ. 1799ರಲ್ಲಿ ಅವನು ಮಡಿದ ಮೇಲೆ ಅದು ಶ್ರೀರಂಗಪಟ್ಟಣದ ಅರಮನೆಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು.