ಹಳೆಯ ಜೀಪಿನಲ್ಲಿ ಸ್ಟೆಪ್ನಿ ಎಲ್ಲಿರಬೇಕು?

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಮಲೆನಾಡಿನ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಗೊಬ್ಬರ, ಅಡಿಕೆ, ಆಳುಕಾಳುಗಳನ್ನು ಹೊತ್ತು ಓಡಾಡುತ್ತಿವೆ. ಅವುಗಳ ಎಂಜಿನ್ನಿಗೆ ನಾವು ಎಣ್ಣೆ ಹಾಕಿಸುತ್ತೇವೆ, ಬ್ರೇಕು ನೋಡಿಸುತ್ತೇವೆ. ಆದರೆ ಸ್ಟೆಪ್ನಿಯನ್ನು ಮಾತ್ರ ಜಾಗ ಸಿಕ್ಕಲ್ಲಿ ಎಸೆದು ಮರೆತುಬಿಡುತ್ತೇವೆ. ಈ ದಿನ ಅದರ ಬಗ್ಗೆಯೇ ಎರಡು ಮಾತು ಹೇಳಬಯಸುತ್ತೇನೆ.

ಸ್ಟೆಪ್ನಿ ಎಂಬುದು ಒಂದು ಬೀದಿಯ ಹೆಸರು. ಮೊದಮೊದಲಿನ ಮೋಟಾರುಗಳಲ್ಲಿ ಬದಲಿ ಚಕ್ರವೇ ಇರಲಿಲ್ಲ. ೧೯೦೪ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ಟೆಪ್ನಿ ಬೀದಿಯಲ್ಲಿ ಇಂಥ ಚಕ್ರ ತಯಾರಾಯಿತು. ಆ ಬೀದಿಯ ಹೆಸರೇ ನಮ್ಮ ಹಳ್ಳಿಯವರೆಗೂ ಬಂದಿದೆ.

ಹಿಂದೊಮ್ಮೆ ಮಳೆಗಾಲದ ರಾತ್ರಿ ನಾನು ಕುಳಿತಿದ್ದ ಜೀಪು ಘಾಟಿಯಲ್ಲಿ ಪಂಕ್ಚರ್ ಆಯಿತು. ಸ್ಟೆಪ್ನಿ ಇದ್ದದ್ದು ಒಂಬತ್ತು ಚೀಲ ಯೂರಿಯಾದ ಅಡಿಯಲ್ಲಿ. ಚೀಲಗಳನ್ನೆಲ್ಲ ರಸ್ತೆಗೆ ಇಳಿಸಿ ಚಕ್ರ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ! ಬೆಳಗಾಗುವ ಹೊತ್ತಿಗೆ ಅರ್ಧ ಗೊಬ್ಬರ ಕರಗಿ ಚರಂಡಿ ಸೇರಿತ್ತು. ತಪ್ಪು ಚಾಲಕನದಲ್ಲ, ಹೊರಡುವ ಮುನ್ನ ಕೇಳದೆ ಇದ್ದ ನನ್ನದು.

ಆ ರಾತ್ರಿ ಹೋದದ್ದು ಗೊಬ್ಬರ ಮಾತ್ರ. ಪ್ರಾಣ ಹೋಗುವ ಸಂದರ್ಭವೂ ಉಂಟು. ರಿಮ್ಮು ಸಹಿತ ಜೀಪಿನ ಚಕ್ರ ಸುಮಾರು ೨೫ ಕಿಲೋ ತೂಗುತ್ತದೆ. ಗಂಟೆಗೆ ೫೦ ಕಿಲೋಮೀಟರ್ ವೇಗದ ಗಾಡಿ ಮರಕ್ಕೆ ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆಗ ಆ ಚಕ್ರವನ್ನು ಹಿಡಿದು ನಿಲ್ಲಿಸಲು ಸುಮಾರು ೫ ಕ್ವಿಂಟಾಲ್ ಭಾರವನ್ನು ತಡೆಯುವಷ್ಟು ಬಲ ಬೇಕು. ಸೆಣಬಿನ ಹಗ್ಗಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಹಿಂದಿನ ಸೀಟಿನಲ್ಲಿ ಶಾಲೆಯ ಮಕ್ಕಳನ್ನು ಕೂರಿಸಿ ನಡುವೆ ಸ್ಟೆಪ್ನಿ ಮಲಗಿಸುವವರು ಇದನ್ನು ಅವಶ್ಯವಾಗಿ ಯೋಚಿಸಬೇಕು.

ಹಾಗಾದರೆ ಎಲ್ಲಿಡಬೇಕು? ಗಾಡಿ ತಯಾರಿಸಿದವರು ಕೊಟ್ಟ ಜಾಗವೇ ಮೊದಲನೆಯ ಆಯ್ಕೆ. ಸಾಮಾನ್ಯವಾಗಿ ಅದು ಪಕ್ಕದಲ್ಲಿ ಇಲ್ಲವೇ ಹಿಂಭಾಗದಲ್ಲಿರುತ್ತದೆ. ಅಲ್ಲಿದ್ದರೆ ಸಾಮಾನು ಇಳಿಸದೆ ಚಕ್ರ ತೆಗೆಯಬಹುದು. ಆದರೆ ಹಳೆಯ ಗಾಡಿಯ ತಗಡು ತುಕ್ಕು ಹಿಡಿದಿರುತ್ತದೆ. ಬರಿಯ ತಗಡಿಗೆ ಬೋಲ್ಟು ಹಾಕಿದರೆ ಗುಂಡಿ ರಸ್ತೆಯಲ್ಲಿ ಅದು ಹರಿಯುತ್ತದೆ. ಆದ್ದರಿಂದ ಒಳಗಡೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿಸಬೇಕು. ಬಾಗಿಲಿನ ಮೇಲಿದ್ದರೆ ಕೀಲುಗಳನ್ನೂ ನೋಡಬೇಕು. ಹಿಂದಿನ ದೀಪ ಮತ್ತು ನಂಬರ್ ಪ್ಲೇಟು ಮರೆಯಾಗಕೂಡದು.

ಎರಡನೆಯದು ಗಾಡಿಯ ತಳಭಾಗ. ಭಾರ ಕೆಳಗಿರುವುದು ಒಳ್ಳೆಯದೇ. ಆದರೆ ಕೆಸರು ಮೆತ್ತಿಕೊಂಡು ಸರಪಳಿ, ತಿರುಪು ತುಕ್ಕು ಹಿಡಿಯುತ್ತವೆ. ಮೂರು ತಿಂಗಳಿಗೊಮ್ಮೆ ಚಕ್ರವನ್ನು ಇಳಿಸಿ, ತೊಳೆದು, ಗ್ರೀಸ್ ಹಚ್ಚಿ ಮತ್ತೆ ಏರಿಸುವುದು ಕ್ಷೇಮ. ಹೊಗೆ ಕೊಳವೆ ಅದಕ್ಕೆ ತಾಗಬಾರದು.

ಗಾಡಿಯ ಒಳಗೇ ಇಡಬೇಕಾದರೆ ಚಕ್ರವನ್ನು ನೆಟ್ಟಗೆ ನಿಲ್ಲಿಸಿ, ರಿಮ್ಮಿನ ತೂತಿನ ಮೂಲಕ ಬೋಲ್ಟು ಹಾಕಿ ಗಟ್ಟಿಯಾದ ಕಬ್ಬಿಣದ ಚೌಕಟ್ಟಿಗೆ ಬಿಗಿಯಬೇಕು. ಅದರ ಮೇಲೆ ಚೀಲ ಹೇರಬಾರದು. ಜಾಕಿಯನ್ನೂ ಹಾಗೆಯೇ ಕಟ್ಟಿಡಬೇಕು.

ಛಾವಣಿಯ ಮೇಲೆ ಇಡುವುದು ಕೊನೆಯ ಉಪಾಯ. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚು. ಬಾನೆಟ್ಟಿನ ಮೇಲೆ ಇಟ್ಟರೆ ಮುಂದಿನ ದಾರಿ ಮರೆಯಾಗುತ್ತದೆ.

ಜಾಗ ಸರಿಯಾದರೆ ಸಾಲದು. ತಿಂಗಳಿಗೊಮ್ಮೆ ನಾಲ್ಕು ಚಕ್ರಗಳ ಜೊತೆ ಐದನೆಯದಕ್ಕೂ ಗಾಳಿ ನೋಡಿಸಿ. ಹೊರಗಿರುವ ಟೈರು ಬಿಸಿಲಿಗೆ ಬಿರುಕು ಬಿಡುತ್ತದೆ. ಅದಕ್ಕೊಂದು ಹೊದಿಕೆ ಹಾಕಿ. ಟೈರು ಓಡದೆ ಇದ್ದರೂ ಮುದಿಯಾಗುತ್ತದೆ. ಅದರ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೧೯ ಎಂದಿದ್ದರೆ ೨೦೧೯ರ ೨೩ನೆಯ ವಾರದಲ್ಲಿ ತಯಾರಾದದ್ದೆಂದು ತಿಳಿಯಬೇಕು. ಮೆತ್ತನೆಯ ನೆಲದಲ್ಲಿ ಜಾಕಿ ಹೂತುಹೋಗದಂತೆ ಒಂದು ಹಲಗೆಯ ತುಂಡೂ ಗಾಡಿಯಲ್ಲಿರಲಿ.

ಈ ಸಂಜೆ ಮನೆಗೆ ಹೋದೊಡನೆ ನಿಮ್ಮ ಜೀಪಿನ ಸ್ಟೆಪ್ನಿಯನ್ನು ಎರಡು ಕೈಯಿಂದ ಹಿಡಿದು ಅಲುಗಿಸಿ ನೋಡಿ. ಅದು ಅಲುಗಿದರೆ, ನಾಳೆ ಮಕ್ಕಳನ್ನು ಹತ್ತಿಸುವ ಮುನ್ನ ಬಿಗಿ ಮಾಡಿಸಿ. ಇಷ್ಟೇ ನನ್ನ ವಿನಂತಿ.