ತುಂಗಭದ್ರೆಯ ತವರಿನ ಪಾರಿವಾಳ

ಮಕ್ಕಳೇ, ಹರಿಹರೇಶ್ವರ ದೇವಸ್ಥಾನದ ಗೋಡೆ ಸಂದಿಯಲ್ಲಿ, ದಾವಣಗೆರೆಯ ಹಳೇ ಗೋದಾಮುಗಳ ತಗಡಿನ ಕೆಳಗೆ ಗುಟುಗುಟು ಎನ್ನುವ ಪಾರಿವಾಳ ನಿಮಗೆಲ್ಲ ಗೊತ್ತು. ಕಾಳು ಕಂಡಲ್ಲಿ ಇಳಿಯುತ್ತದೆ, ಕಟ್ಟಡ ಸಿಕ್ಕಲ್ಲಿ ಗೂಡಿಡುತ್ತದೆ. ಅದರ ನೆಂಟನೊಬ್ಬನಿಗೆ ಮಾತ್ರ ಊರಿನ ಗೊಡವೆಯೇ ಬೇಡ, ದಟ್ಟ ಕಾಡೇ ಆಗಬೇಕು. ಅದೇ ನೀಲಗಿರಿ ಕಾಡುಪಾರಿವಾಳ.

ಹೆಸರು ನೀಲಗಿರಿಯದಾದರೂ ನಮ್ಮ ಕುದುರೆಮುಖ, ಕೊಡಗಿನ ಬೆಟ್ಟಗಳಲ್ಲೂ ಇದು ಇದೆ. ಘಟ್ಟದಿಂದ ಎಷ್ಟೋ ದೂರದ ನಂದಿಬೆಟ್ಟದ ನೆತ್ತಿಯ ಕಾಡಿನಲ್ಲೂ ಉಳಿದುಕೊಂಡಿದೆ. ದಕ್ಷಿಣ ಏಷ್ಯಾದ ಈ ಮೂಲೆ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಊರ ಪಾರಿವಾಳಕ್ಕಿಂತ ದೊಡ್ಡದು, ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 42 ಸೆಂಟಿಮೀಟರ್. ಕತ್ತಿನ ಹಿಂಭಾಗ ನೋಡಬೇಕು: ಕಪ್ಪು ಗರಿಗಳಿಗೆ ಬಿಳಿ ತುದಿ, ಥೇಟ್ ಚದುರಂಗದ ಹಾಸು!

ಕುದುರೆಮುಖದ ಎತ್ತರದಲ್ಲಿ ಹುಲ್ಲುಗಾವಲೇ ಹೆಚ್ಚು. ನಡುನಡುವೆ, ಬೆಟ್ಟದ ಮಡಿಲಲ್ಲಿ, ಶೋಲಾ ಎಂಬ ಗುಂಪುಗಾಡುಗಳಿವೆ. ಸುತ್ತ ನೀರಿಲ್ಲ, ಹುಲ್ಲಿದೆ. ಆದರೂ ಕಾಡುಪಾರಿವಾಳದ ಪಾಲಿಗೆ ಅವು ದ್ವೀಪಗಳೇ. ಒಂದರಲ್ಲಿ ಹಣ್ಣು ಮುಗಿದರೆ ಇನ್ನೊಂದಕ್ಕೆ ಹಾರುತ್ತದೆ. ದಾಲ್ಚಿನ್ನಿಯ ಕುಟುಂಬದ ಮರಗಳ ಹಣ್ಣೆಂದರೆ ಇಷ್ಟ. ಅವನ್ನು ಇಡಿಯಾಗಿ ನುಂಗಿ, ಬೀಜವನ್ನು ಬೇರೆಲ್ಲೋ ಬೀಳಿಸುತ್ತದೆ. ಸಣ್ಣ ಹಕ್ಕಿಗಳಿಂದ ಆಗದ ಕೆಲಸ ಇದು. ಅಷ್ಟು ದೊಡ್ಡ ಹಣ್ಣು ಅವುಗಳ ಬಾಯಿಗೆ ಹಿಡಿಸುವುದೇ ಇಲ್ಲ.

ಈಗ ನಿಮ್ಮ ನದಿಯ ವಿಷಯಕ್ಕೆ ಬನ್ನಿ. ತುಂಗೆ ಮತ್ತು ಭದ್ರೆ ಹುಟ್ಟುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ. ಕೂಡಲಿಯಲ್ಲಿ ಒಂದಾಗಿ ಹರಿಹರಕ್ಕೆ ಬರುತ್ತವೆ. ದಾವಣಗೆರೆಯ ಭತ್ತದ ಗದ್ದೆಗಳಿಗೆ ನೀರು ಭದ್ರಾ ನಾಲೆಯದು. ಶೋಲಾ ಕಾಡಿನ ತರಗೆಲೆ, ಬೇರು, ಕಪ್ಪು ಮಣ್ಣು ಮಳೆನೀರನ್ನು ಹಿಡಿದಿಟ್ಟುಕೊಂಡು ಮಳೆ ನಿಂತ ಮೇಲೂ ತೊಟ್ಟುತೊಟ್ಟಾಗಿ ಹಳ್ಳಕ್ಕೆ ಬಿಡುತ್ತವೆ. ಆ ಕಾಡಿಗೆ ಬೀಜ ಬಿತ್ತುವವರಲ್ಲಿ ನಮ್ಮ ಪಾರಿವಾಳವೂ ಒಂದು. ಇದಕ್ಕಿಂತ ಹತ್ತಿರದ ನಂಟು ಬೇಕೆ?

ಈ ಹಕ್ಕಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಕಡ್ಡಿಗಳನ್ನು ಅಡ್ಡಾದಿಡ್ಡಿ ಜೋಡಿಸಿದ ತೆಳು ಗೂಡು. ಮರಿಗೆ ಅಪ್ಪ, ಅಮ್ಮ ಇಬ್ಬರೂ ತಮ್ಮ ಗಂಟಲಚೀಲದಲ್ಲಿ ತಯಾರಾಗುವ ‘ಪಾರಿವಾಳದ ಹಾಲು’ ಕುಡಿಸುತ್ತಾರೆ. ಇಷ್ಟು ನಿಧಾನವಾಗಿ ಹೆಚ್ಚುವ ಹಕ್ಕಿ ಕಾಡು ಕಳೆದುಕೊಂಡರೆ ಚೇತರಿಸಿಕೊಳ್ಳುವುದು ಕಷ್ಟ. ಅಪಾಯದ ಅಂಚಿಗೆ ಸರಿಯುತ್ತಿರುವ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ.

ಮಾರಿಷಸ್ ದ್ವೀಪದ ಡೋಡೋ ಕೂಡ ಪಾರಿವಾಳದ ಬಳಗದ್ದೇ; ಜನ ಅಲ್ಲಿ ನೆಲೆಯೂರಿದ ಮೇಲೆ ಅಳಿದೇಹೋಯಿತು. ಅದೇ ದ್ವೀಪದ ಗುಲಾಬಿ ಪಾರಿವಾಳ 1990ರ ಸುಮಾರಿಗೆ ಕಾಡಿನಲ್ಲಿ ಹತ್ತರಷ್ಟು ಮಾತ್ರ ಉಳಿದಿತ್ತು. ಗೂಡು ಕಾದು, ಮರಿ ಸಾಕಿ ಕಾಡಿಗೆ ಬಿಟ್ಟಿದ್ದರಿಂದ ಈಗ ನೂರಾರು ಇವೆ. ನಮ್ಮಲ್ಲೂ ಒಳ್ಳೆಯದು ನಡೆದಿದೆ: ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಸುಪ್ರೀಂ ಕೋರ್ಟ್ ತೀರ್ಪಿನಿಂದ 2005ರ ಕೊನೆಗೆ ಅಲ್ಲಿನ ಕಬ್ಬಿಣದ ಗಣಿಗಾರಿಕೆ ನಿಂತಿತು.

ಶಾಲೆಯ ಪ್ರವಾಸಕ್ಕೆ ಆ ಕಡೆ ಹೋದರೆ ಒಣಹುಲ್ಲಿನ ಹತ್ತಿರ ಯಾರೂ ಬೆಂಕಿ ಹಚ್ಚದಂತೆ ನೋಡಿಕೊಳ್ಳಿ. ಗದ್ದಲ ಮಾಡದೆ, ಹಣ್ಣು ಬಿಟ್ಟ ಮರದ ಮೇಲೆ ಕಣ್ಣಾಡಿಸಿ. ಕತ್ತಿನಲ್ಲಿ ಚೌಕುಳಿಯಿರುವ ಹಕ್ಕಿ ಕಂಡರೆ ದಿನಾಂಕ, ಜಾಗ, ಅದು ತಿನ್ನುತ್ತಿದ್ದ ಹಣ್ಣು ಇಷ್ಟನ್ನೂ ಬರೆದುಕೊಂಡು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.